ಇನ್ನೂ ಆಗಿಲ್ಲ

“ಅಜ್ಜಾರ, ಕಂಪ್ಲೀಟ್ ಅನ್ನೋದಕ್ಕ ನಮ್ಮ ಕನ್ನಡದಾಗ ಸರಿಯಾದ ಮಾತು ಯಾವುದ್ರಿ?” ಎಂದು ಮಹಾರುದ್ರಪ್ಪ ಕೇಳಿದ.

ಅಜ್ಜ ಎಂದರೆ ಆ ಗುಡ್ಡದ ಮಠದ ಗುರು. ಆ ಸೀಮೆಯ ಜನ ಗುರುವನ್ನು ಹಾಗೆಯೇ ಕರೆಯುತ್ತಾರೆ. ಮಹಾರುದ್ರಪ್ಪ ಮಠ ಸೇರುವ ಮೊದಲು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ. ಅವನು ಊರು ಬಿಟ್ಟಿದ್ದ, ಇಂಗ್ಲಿಷ್ ಅವನನ್ನು ಬಿಟ್ಟಿರಲಿಲ್ಲ. ಉಳಿದ ಶಿಷ್ಯರು ಈಗಲೂ ಅವನನ್ನು ಮಾಸ್ತರ ಎನ್ನುತ್ತಿದ್ದರು. ಬೇಡ ಎಂದು ಅವನೂ ಹೇಳಿರಲಿಲ್ಲ.

ಪ್ರಶ್ನೆಗೆ ಕಾರಣವಿತ್ತು. ಮರುದಿನ ಬೆಳಿಗ್ಗೆ ಅವನಿಗೆ ಕಾವಿ ಕೊಡುವುದೆಂದು ನಿಶ್ಚಯವಾಗಿತ್ತು. ಆ ಮಠದಲ್ಲಿ ಒಂದು ಪದ್ಧತಿ ಇದೆ. ಕಾವಿ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಗುರು ಒಂದೇ ಪ್ರಶ್ನೆ ಕೇಳುತ್ತಾರೆ: ಬಿಡುವುದೆಲ್ಲ ಆಯಿತೇ? ಶಿಷ್ಯ ಒಂದೇ ಮಾತಿನಲ್ಲಿ ಉತ್ತರ ಕೊಡಬೇಕು. ಕೊಟ್ಟರೆ ಕಾವಿ ಮೈಮೇಲೆ ಬೀಳುತ್ತದೆ. ಬಿದ್ದ ಮೇಲೆ ಮನೆಯ ದಾರಿ ಮುಚ್ಚಿತು.

ಆ ಒಂದು ಮಾತು ಯಾವುದಿರಬೇಕು ಎಂದು ಮಹಾರುದ್ರಪ್ಪ ಬಹಳ ದಿನದಿಂದ ತೂಗಿ ನೋಡುತ್ತಿದ್ದ. ‘ಆಯಿತು’ ತೀರ ಸಣ್ಣದು, ಊಟ ಮಾಡಿ ಕೈ ತೊಳೆದವನೂ ಹೇಳುತ್ತಾನೆ. ‘ಮುಗಿಯಿತು’ ಎಂದರೆ ಅಪಶಕುನ. ‘ಪೂರ್ಣ’ ಎಂದರೆ ಪುರಾಣ ಹೇಳಿದಂತಾಗುತ್ತದೆ. ಕೊನೆಗೆ ಅವನ ಮನಸ್ಸು ತನ್ನ ಹಳೆಯ ಇಂಗ್ಲಿಷ್ ಮಾತಿಗೇ ಹೋಗಿ ನಿಂತಿತ್ತು.

“ಆ ಮಾತಿನ ಅರ್ಥ ಏನಪಾ?” ಎಂದು ಅಜ್ಜ ಕೇಳಿದರು.

ಮಹಾರುದ್ರಪ್ಪ ಬೆನ್ನು ನೆಟ್ಟಗೆ ಮಾಡಿದ. ಕೈಯಲ್ಲಿ ಸೀಮೆಸುಣ್ಣ ಒಂದಿರಲಿಲ್ಲ, ಅಷ್ಟೇ. ಹಿಡಿದ ಕೆಲಸ ತುದಿ ಮುಟ್ಟಿದರೆ ಕಂಪ್ಲೀಟ್ ಎನ್ನುತ್ತಾರೆ ಎಂದ. ಒಂದು ವಸ್ತುವಿಗೆ ಯಾವ ಭಾಗವೂ ಕಡಿಮೆ ಇಲ್ಲದಿದ್ದರೆ ಅದಕ್ಕೂ ಕಂಪ್ಲೀಟ್ ಎನ್ನುತ್ತಾರೆ. ಇನ್ನು ಮಾತಿಗೆ ಒತ್ತು ಕೊಡಬೇಕಾದಾಗಲೂ ಬಳಸುತ್ತಾರೆ. ಗುರುತೇ ಇಲ್ಲದವನು ಕಂಪ್ಲೀಟ್ ಅಪರಿಚಿತ, ಬುದ್ಧಿಯೇ ಇಲ್ಲದವನು ಕಂಪ್ಲೀಟ್ ಮೂರ್ಖ.

“ಮೂರ್ಖಗೂ ಅದ ಮಾತೇನು?”

“ಹೌದ್ರಿ. ಏನೂ ಕಡಿಮಿ ಇಲ್ಲದ ಮೂರ್ಖ ಅಂದಂಗ.”

“ಚಲೋ ಐತಿ,” ಎಂದರು ಅಜ್ಜ. “ಹಂಗಾರ ನಿಂದು ಹೆಂಗ ಕಂಪ್ಲೀಟ್ ಆತು, ಹೇಳು.”

ಮಹಾರುದ್ರಪ್ಪ ಹೇಳಿದ. ನೌಕರಿ ಬಿಟ್ಟ. ಮನೆಯನ್ನು ಹೆಂಡತಿ ಕಸ್ತೂರಿಯ ಹೆಸರಿಗೆ ಬರೆದ. ಮಕ್ಕಳಿರಲಿಲ್ಲ, ಆದ್ದರಿಂದ ಆ ಕಟ್ಟು ಮೊದಲೇ ಇಲ್ಲ. ಹೊರಡುವ ದಿನ ಕಸ್ತೂರಿ ಬಾಗಿಲಿಗೆ ಬಂದು ನಿಂತಿದ್ದಳು. ಅವನು “ಹೋಗತೀನಿ” ಎಂದ. “ಹೋಗಿ ಬರತೀನಿ ಅನ್ರಿ” ಎಂದಳು ಅವಳು. ಮನೆಯಿಂದ ಹೊರಡುವವರು ಯಾರೂ ಬರಿದೆ ಹೋಗುತ್ತೇನೆ ಎನ್ನುವುದಿಲ್ಲ, ಪಕ್ಕದ ಅಂಗಡಿಗೆ ಹೊರಟವನೂ ಹೋಗಿ ಬರುತ್ತೇನೆ ಎನ್ನುತ್ತಾನೆ. ಆದರೆ ಅವನು ಮರಳಿ ಬರುವವನಾಗಿರಲಿಲ್ಲ. ಸುಳ್ಳಿನಿಂದ ಸನ್ಯಾಸ ಶುರುವಾಗಬಾರದೆಂದು ಮತ್ತೊಮ್ಮೆ “ಹೋಗತೀನಿ” ಎಂದೇ ಹೇಳಿ ಮೆಟ್ಟಿಲಿಳಿದ.

ಈ ಪ್ರಸಂಗವನ್ನು ಅವನು ಮಠದಲ್ಲಿ ಹಲವರಿಗೆ ಹೇಳಿದ್ದ. ಕೇಳಿದವರು ಇದಪ್ಪಾ ವೈರಾಗ್ಯ ಎಂದು ತಲೆದೂಗಿದ್ದರು.

“ಆಮ್ಯಾಲ ಆಕಿ ಏನಂದಳು?” ಎಂದು ಅಜ್ಜ ಕೇಳಿದರು. ಇದನ್ನು ಈ ತನಕ ಯಾರೂ ಕೇಳಿರಲಿಲ್ಲ.

“ಏನೂ ಅನ್ನಲಿಲ್ರಿ. ಒಳಗ ಹೋದಳು. ಅಲ್ಲಿಗೆ ಕಂಪ್ಲೀಟ್ ಆತು.”

ನಾಳೆಗೆಂದು ಮಡಿಚಿಟ್ಟ ಕಾವಿ ಬಟ್ಟೆ ಅಜ್ಜನ ಪಕ್ಕದಲ್ಲೇ ಇತ್ತು. ಅದರ ಕಡೆ ಒಮ್ಮೆ ನೋಡಿ ಅವರು ಈ ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಮೆಣಸಿನಕಾಯಿಯ ವ್ಯಾಪಾರ. ಕಾಯಿಯನ್ನು ಚೀಲಕ್ಕೆ ತುಳಿದು ತುಂಬಿಸಿ, ದಬ್ಬಣದಿಂದ ಚೀಲದ ಬಾಯಿ ಹೊಲಿಸಿ, ಕೊನೆಯ ಗಂಟು ಬಿದ್ದ ಕೂಡಲೇ ‘ಆಯಿತು’ ಎನ್ನುತ್ತಿದ್ದ. ಅಂದ ಮೇಲೆ ಆ ಚೀಲದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವನ ಏಳಿಗೆಗೆ ಈ ಗುಣವೇ ಕಾರಣ ಎಂದು ಜನ ಹೇಳುತ್ತಿದ್ದರು. ಅವನೂ ಹಾಗೆಯೇ ತಿಳಿದಿದ್ದ.

ಮದುವೆಯಾಗಿ ಬಹಳ ವರ್ಷ ಅವನಿಗೆ ಮಕ್ಕಳಾಗಲಿಲ್ಲ. ಹೆಂಡತಿಗೆ ತಡವಾಗಿ ಬಸಿರು ನಿಂತಿತು. ಅವಳಿಗೆ ತವರಿನಲ್ಲಿ ಯಾರೂ ಉಳಿದಿರಲಿಲ್ಲವಾದ್ದರಿಂದ ಹೆರಿಗೆ ಗಂಡನ ಮನೆಯಲ್ಲೇ ಎಂದಾಯಿತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದು ಎನ್ನುತ್ತಾರೆ. ಅವನು ಹೊಲಿಸಲಿಲ್ಲ. ತೊಟ್ಟಿಲು ಕೊಳ್ಳಲಿಲ್ಲ, ಹೆಸರು ಯೋಚಿಸಲಿಲ್ಲ. ಅಷ್ಟು ಎಚ್ಚರದ ಮನುಷ್ಯ. ಒಂದು ಹರಕೆ ಮಾತ್ರ ಹೊತ್ತ. ಕೂಸಿನ ಅಳು ಕಿವಿಗೆ ಬಿದ್ದ ಕೂಡಲೇ, ಮನೆಯಲ್ಲಿ ಬೇರೆ ಯಾವ ಕೆಲಸ ನಡೆಯುವ ಮೊದಲು, ಸೂಲಗಿತ್ತಿಯನ್ನು ಹೊಸ್ತಿಲಿನಲ್ಲಿ ಕೂರಿಸಿ ಉಡಿ ತುಂಬುತ್ತೇನೆ ಎಂದುಕೊಂಡ.

ಹೆರಿಗೆಯ ದಿನ ಬಂತು. ಬೆಳಗಿನಿಂದ ವರ್ತಕ ಅಂಗಳದಲ್ಲಿ ತಿರುಗಾಡಿದ. ಬಾಯಿಗೆ ಒಂದು ಹನಿ ನೀರು ಹಾಕಲಿಲ್ಲ. ಒಳಗಿನಿಂದ ಹೆಂಡತಿಯ ನರಳಾಟ ಕೇಳಿದಾಗಲೆಲ್ಲ ಬಾಗಿಲ ತನಕ ಹೋಗಿ ಬರುತ್ತಿದ್ದ. ಅವಳ ಮೇಲೆ ಪ್ರೀತಿ ಇಲ್ಲದವನಲ್ಲ ಅವನು. ಇದನ್ನು ಮರೆಯಬೇಡ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಕೂಸು ಅತ್ತಿತು. ಗಂಡು ಕೂಸು. ಅಂಗಳದಲ್ಲಿದ್ದ ಒಬ್ಬ ಹಿತ್ತಾಳೆಯ ಗಂಗಾಳ ತೆಗೆದುಕೊಂಡು ಬಾರಿಸತೊಡಗಿದ. ಸೂಲಗಿತ್ತಿ ಹೊಕ್ಕುಳ ಬಳ್ಳಿ ಕೊಯ್ದು, ಕೂಸನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದಳು. ಒಳಗಿದ್ದ ಹೆಂಗಸರೆಲ್ಲ ಅವಳ ಬೆನ್ನಿಗೇ ಹೊರಬಿದ್ದರು. ಮೂಗು ಯಾರದು, ಹಣೆ ಯಾರದು ಎಂದು ನೋಡಬೇಕಲ್ಲ.

ವರ್ತಕ ಕೂಸನ್ನು ಎತ್ತಿಕೊಂಡ. “ಆತು,” ಎಂದ. ಅವನ ಕಣ್ಣಲ್ಲಿ ನೀರು ಬಂತು.

ಹೊಸ್ತಿಲಿನ ಬಳಿ ಮಣೆ ಹಾಕಿದರು. ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ, ಕೆಂಪು ಸೆರಗಿನ ಹೊಸ ಸೀರೆ ಎಲ್ಲ ಬಂತು. ಸೂಲಗಿತ್ತಿ ಬಾಗಿಲ ಕಡೆ ಒಮ್ಮೆ ನೋಡಿದಳು.

“ಸಾವ್ಕಾರ್ರ, ನಾ ಒಳಗ ಹೋಗಬೇಕ್ರಿ. ಇನ್ನೂ ಮಾಸು ಬಿದ್ದಿಲ್ಲ.”

“ಬೀಳತೈತಿ ಬಿಡು, ಎಲ್ಲಿ ಹೋಗತೈತಿ. ನನ್ನ ಹರಕಿ ಮೊದಲ ತೀರಲಿ.”

ಕೂಸಿನ ಹಿಂದೆಯೇ, ಬಳ್ಳಿಯ ಇನ್ನೊಂದು ತುದಿಗಿರುವ ಮಾಸು ಬೀಳಬೇಕು. ಅದು ಬೀಳುವ ತನಕ ಹಡೆದವಳ ಹತ್ತಿರದಿಂದ ಏಳಬಾರದು. ಇದು ಸೂಲಗಿತ್ತಿಗೆ ಗೊತ್ತಿತ್ತು. ಆದರೆ ಎದುರಿಗೆ ಸೀರೆ ಇತ್ತು, ಸುತ್ತ ಇಡೀ ಓಣಿ ನೆರೆದಿತ್ತು, ಅವಳನ್ನು ಹಾಗೆ ಮಣೆಯ ಮೇಲೆ ಕೂರಿಸಿದ ಮನೆ ಮತ್ತೊಂದಿರಲಿಲ್ಲ. ಕೂತಳು. ಸೆರಗು ಒಡ್ಡಿದಳು.

ಆಗ ಒಳಗಿನಿಂದ ದನಿ ಬಂತು.

“ಯವ್ವಾ, ಇನ್ನೂ ಆಗಿಲ್ಲ.”

ಹೆಂಗಸರು ನಕ್ಕರು. “ಆಗೇತಿ ತಂಗಿ, ಗಂಡು ಹಡದೀ,” ಎಂದು ಒಬ್ಬಳು ಹೊರಗಿನಿಂದಲೇ ಕೂಗಿ ಹೇಳಿದಳು. ಚೊಚ್ಚಲ ಹೆರಿಗೆ, ಕೂಸು ಹೊರಗೆ ಬಂದದ್ದೂ ಅವಳಿಗೆ ತಿಳಿದಂತಿಲ್ಲ ಎಂದಳು ಮತ್ತೊಬ್ಬಳು. ವರ್ತಕನೂ ನಕ್ಕ. ಬೆಳಗಿನಿಂದ ಅವನು ನಕ್ಕದ್ದು ಅದೇ ಮೊದಲು.

ಸಕ್ಕರೆ ಹಂಚತೊಡಗಿದರು. ಒಳಗಿನ ದನಿ ಮತ್ತೊಮ್ಮೆ ಬಂತು. ಮಾತು ಅದೇ, ದನಿ ಮಾತ್ರ ಕೆಳಗಿಳಿದಿತ್ತು. ಗಂಗಾಳದ ಸದ್ದಿನಲ್ಲಿ ಅದು ಕೆಲವರಿಗೆ ಕೇಳಿತು, ಕೆಲವರಿಗೆ ಕೇಳಲಿಲ್ಲ. ವರ್ತಕನಿಗೆ ಕೇಳಿತು. ಇನ್ನೂ ಅದನ್ನೇ ಹೇಳುತ್ತಿದ್ದಾಳಲ್ಲ ಎಂದುಕೊಂಡು ಕೂಸಿನ ಮುಖಕ್ಕೆ ಬಿಸಿಲು ಬೀಳದಂತೆ ತಿರುಗಿ ನಿಂತ.

ಆಮೇಲೆ ದನಿ ಬರಲಿಲ್ಲ. ದಣಿದಿದ್ದಾಳೆ, ನಿದ್ದೆ ಹತ್ತಿರಬೇಕು ಎಂದರು. ಬಂದವರೆಲ್ಲ ಬಾಯಿ ಸಿಹಿ ಮಾಡಿಕೊಂಡರು. ಓಣಿಯ ಆಚೆ ತುದಿಯವರಿಗೂ ಸಕ್ಕರೆ ಹೋಯಿತು. ಕೊನೆಗೆ ವರ್ತಕನಿಗೆ ಹೆಂಡತಿಯ ನೆನಪಾಯಿತು. ಅವಳ ಬಾಯಿಗೆ ತಾನೇ ಹಾಕಬೇಕೆಂದು ಆಸೆಯಾಯಿತು. ಕೂಸನ್ನು ಒಬ್ಬಳ ಕೈಗೆ ಕೊಟ್ಟು, ಒಂದು ಚಿಟಿಕೆ ಸಕ್ಕರೆ ಹಿಡಿದು ಒಳಗೆ ಹೋದ.

ಕೋಣೆಯಲ್ಲಿ ಕತ್ತಲೆ. ಬಿಸಿಲಿನಿಂದ ಬಂದವನಿಗೆ ಏನೂ ಕಾಣಲಿಲ್ಲ. ಕಾಲಿಗೆ ನೆಲ ಒದ್ದೆಯೆನಿಸಿತು. ಕೂಸಿಗೆ ಎರೆದ ನೀರು ಎಂದುಕೊಂಡ. ಆ ಒದ್ದೆಯಲ್ಲೇ ನಡೆದು ಹೋಗಿ ಹಾಸಿಗೆಯ ಪಕ್ಕ ಕುಳಿತ. ಅವಳ ಕಣ್ಣು ತೆರೆದಿತ್ತು, ಬಾಗಿಲ ಕಡೆಗೇ ಇತ್ತು. ತನ್ನನ್ನೇ ನೋಡುತ್ತಿದ್ದಾಳೆಂದು ಅವನಿಗೆ ಸಂತೋಷವಾಯಿತು. “ನೋಡು, ಎಲ್ಲಾ ಆತು,” ಎಂದು ತುಟಿಯ ಮೇಲೆ ಸಕ್ಕರೆ ಇಟ್ಟ.

ಸಕ್ಕರೆ ಇಟ್ಟಲ್ಲೇ ಉಳಿಯಿತು.

ಕತೆ ಶುರುವಾದಾಗಿನಿಂದ ಮಹಾರುದ್ರಪ್ಪ ಕೂಸಿಗೆ ಏನಾಗುವುದೋ ಎಂದು ಕಾಯುತ್ತಿದ್ದ. ಅವನ ಕಣ್ಣೂ ಅಂಗಳದಲ್ಲೇ ಇತ್ತು. ಒಳಗಿನಿಂದ ಎರಡು ಸಲ ಬಂದ ದನಿಯನ್ನು ಅವನೂ ಕೇಳಿದ್ದ, ಹೆಂಗಸರೊಂದಿಗೆ ತಾನೂ ಮುಗುಳ್ನಕ್ಕಿದ್ದ. ಆ ನಗೆ ಇನ್ನೂ ಮುಖದ ಮೇಲೆ ಇದೆಯೇನೋ ಎಂದು ಅವನಿಗೆ ಹೆದರಿಕೆಯಾಯಿತು. ಕೈಯಿಂದ ಬಾಯಿ ಒರೆಸಿಕೊಂಡ.

ಅಜ್ಜ ಮುಂದೆ ಹೇಳಿದರು.

ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ವರ್ತಕ ನೆಲ ನೋಡಿದ. ಬಾಗಿಲಿನಿಂದ ಹಾಸಿಗೆಯ ತನಕ ತನ್ನದೇ ಹೆಜ್ಜೆ ಕೆಂಪಾಗಿ ಮೂಡಿತ್ತು. ಬಾಗಿಲಿಗೆ ಬಂದು ಸೂಲಗಿತ್ತಿಗೆ ಕೈಸನ್ನೆ ಮಾಡಿದ. ಸೂಲಗಿತ್ತಿ ಉಡಿಯ ಅಕ್ಕಿಯನ್ನೆಲ್ಲ ಚೆಲ್ಲಿಕೊಂಡು ಓಡಿಬಂದಳು. ಬಂದು ಮಾಡುವುದೇನೂ ಉಳಿದಿರಲಿಲ್ಲ. ಅಂಗಳದಲ್ಲಿ ಮಾತ್ರ ಗಂಗಾಳದ ಸದ್ದು ಬಹಳ ಹೊತ್ತು ಕೇಳುತ್ತಲೇ ಇತ್ತು. ನಿಲ್ಲಿಸು ಎಂದು ಹೊರಗೆ ಹೋಗಿ ಹೇಳಲು ಯಾರಿಗೂ ಹೊಳೆಯಲಿಲ್ಲ.

ಕೂಸು ಬದುಕಿತು, ಆಡಿನ ಹಾಲು ಕುಡಿದು ಬೆಳೆಯಿತು. ವರ್ತಕನೂ ಬಾಳಿದ, ವ್ಯಾಪಾರವೂ ನಡೆಯಿತು. ಆದರೆ ದಾರಿಯಲ್ಲಿ ಎದುರಾದವರು ವಾಡಿಕೆಯಂತೆ “ಊಟ ಆತೇನ್ರಿ?” ಎಂದು ಕೇಳಿದರೆ ಅವನು ಉತ್ತರ ಕೊಡುತ್ತಿರಲಿಲ್ಲ. ಮನೆಯ ಕಡೆ ತಿರುಗಿ ಕಿವಿಗೊಟ್ಟು ನಿಲ್ಲುತ್ತಿದ್ದ. ಜನ ಅವನಿಗೆ ತಲೆ ಕೆಟ್ಟಿದೆ ಎಂದರು. ಬರಬರುತ್ತ ಕೇಳುವುದನ್ನೇ ಬಿಟ್ಟರು.

ಕತೆ ನಿಂತಿತು. ಮಹಾರುದ್ರಪ್ಪನಿಗೆ ಎದ್ದು ಹೋಗಬೇಕೆನಿಸಿತು, ಹೋಗಲಿಲ್ಲ. ಎಷ್ಟೆಂದರೂ ಮಾಸ್ತರಿಕೆ ಮಾಡಿದವನು. ತಪ್ಪು ಕಂಡರೆ ಅದರ ಕೆಳಗೆ ಕೆಂಪು ಗೆರೆ ಎಳೆಯುವ ತನಕ ಅವನಿಗೆ ಸಮಾಧಾನವಿಲ್ಲ. ಗೆರೆ ಎಳೆದರೆ ಕತೆ ಅಲ್ಲಿಗೆ ಮುಗಿದೀತು ಎಂದೂ ಒಂದು ಆಸೆ.

“ಅಜ್ಜಾರ, ತಪ್ಪು ಯಾರದ್ರಿ? ಎದ್ದು ಬಂದ ಸೂಲಗಿತ್ತಿದೋ, ಕರದು ಕೂಡಿಸಿದ ಸಾವ್ಕಾರಂದೋ?”

ಅಜ್ಜ ಕಾವಿ ಬಟ್ಟೆಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು.

“ಅದಿರಲಿ, ಮಾಸ್ತರ. ಅವತ್ತ ನಿನ್ನ ಬಾಗಲದಿಂದ ಒಳಗ ಹೋದಾಕಿ ‘ಆತು’ ಅಂದಿದ್ದಳೇನು?”