ಗೌಡನ ಚಪ್ಪಲಿ, ಕುಂಬಾರನ ಕಾಲು

"ಗುರುಗಳೇ, ಸಹನೆ ಹೆಚ್ಚಾಗಲು ನನಗೊಂದು ಮಂತ್ರ ಕೊಡುತ್ತೀರಾ?" ಎಂದು ಪರ್ವತಯ್ಯ ಕೇಳಿದ.

ಪರ್ವತಯ್ಯ ಮಠದಲ್ಲಿ ಓದಿ, ಪೇಟೆಯ ಸಾಹುಕಾರನೊಬ್ಬನ ಮನೆಯಲ್ಲಿ ಪುರಾಣ ಹೇಳುವ ಕೆಲಸಕ್ಕೆ ಸೇರಿದ್ದ. ಸಾಹುಕಾರ ಅವನಿಗೆ ಜರಿಶಾಲು ಹೊದಿಸಿ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದ. ಆದರೆ ಪುರಾಣದಲ್ಲಿ ಬಡವರ ಹೊಟ್ಟೆಯ ಮೇಲೆ ಹೊಡೆಯುವವರ ಪ್ರಸಂಗ ಬಂದಾಗಲೆಲ್ಲ, ಅದನ್ನು ಬಿಟ್ಟು ಮುಂದಿನದು ಓದು ಎನ್ನುತ್ತಿದ್ದ. ಪರ್ವತಯ್ಯ ಬಿಟ್ಟು ಓದುತ್ತಿದ್ದ. ಮನೆಗೆ ಬಂದರೆ ಬಿಟ್ಟ ಪ್ರಸಂಗವೇ ಮನಸ್ಸನ್ನು ಕೊರೆಯುತ್ತಿತ್ತು. ಜಪಕ್ಕೆ ಕೂತರೆ ಸಂಕಟ ತಗ್ಗುತ್ತಿತ್ತು, ಮರುದಿನ ಮತ್ತೆ ಹತ್ತಿಕೊಳ್ಳುತ್ತಿತ್ತು. ಇಷ್ಟನ್ನೂ ಹೇಳಿಕೊಂಡು, ತನ್ನೊಳಗಿನ ಈ ಮೊಂಡುತನವನ್ನು ಹೇಗಾದರೂ ಕಿತ್ತುಹಾಕಿ ಎಂದು ಬೇಡಿಕೊಂಡ.

ಗುರುಗಳಿಗೆ ಸಿಟ್ಟು ಬಂತು. ಆದರೂ ಬೈಯಲಿಲ್ಲ. ಕೂತುಕೋ, ಕಾಲಿನ ಆಣಿಯ ಕತೆ ಹೇಳುತ್ತೇನೆ ಎಂದು ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ಕುಂಬಾರರು ಮಣ್ಣನ್ನು ಬರಿಗಾಲಲ್ಲಿ ತುಳಿದು ಹದ ಮಾಡುತ್ತಾರೆ, ನೀನೂ ನೋಡಿರುತ್ತೀಯ. ತುಳಿಯುವಾಗ ಅಂಗಾಲಿಗೆ ಸುಣ್ಣಕಲ್ಲಿನ ಚೂರು ಸಿಕ್ಕರೆ ಬಗ್ಗಿ ತೆಗೆದು ಎಸೆಯುತ್ತಾರೆ. ಒಂದು ಚೂರು ಉಳಿದರೂ ಸುಟ್ಟ ಮಡಕೆ ಬಿರುಕು ಬಿಡುತ್ತದೆ. ನಮ್ಮ ಕುಂಬಾರನ ಅಂಗಾಲು ಜಡ್ಡುಗಟ್ಟಿ ಹೋಗಿತ್ತು. ಆದರೂ ಸಾಸಿವೆಯಷ್ಟು ಕಲ್ಲಿಗೂ ಅದರ ಕೆಳಗೆ ಅಡಗಿಕೊಳ್ಳಲು ಆಗುತ್ತಿರಲಿಲ್ಲ.

ಊರ ಗೌಡ ಅವನ ಮಡಕೆಗಳನ್ನು ಮೆಚ್ಚಿದ. ಅಲ್ಲಿ ಒಂದು ಪದ್ಧತಿ ಇತ್ತು. ಗೌಡ ಯಾರನ್ನಾದರೂ ಮೆಚ್ಚಿದರೆ ತಾನು ಮೆಟ್ಟಿದ ಚಪ್ಪಲಿಯನ್ನೇ ಬಿಚ್ಚಿ ಕೊಡುತ್ತಿದ್ದ. ಪಡೆದವನು ಅದನ್ನೇ ಮೆಟ್ಟಿ ಊರೊಳಗೆ ಓಡಾಡಬೇಕು. ಅದನ್ನು ಮೆಟ್ಟಿಲ ಬಳಿ ಬಿಟ್ಟು ಗೌಡನ ಜಗಲಿಯ ಮೇಲೆ ಕೂರಬಹುದು. ಬರಿಗಾಲಲ್ಲಿ ಬಂದವನು ಅಂಗಳದಲ್ಲೇ ನಿಲ್ಲಬೇಕು. ಕುಂಬಾರನ ವಂಶದಲ್ಲಿ ಯಾರೂ ಆ ಜಗಲಿ ಹತ್ತಿರಲಿಲ್ಲ. ಅವನು ಹಿಗ್ಗಿಹೋದ. ಮರ್ಯಾದೆ ಯಾರಿಗೆ ಬೇಡ ಹೇಳು?

ಗೌಡನ ಪಾದ ಸಣ್ಣದು. ಕುಂಬಾರನ ಪಾದ ಮಣ್ಣು ತುಳಿದು ಅಗಲವಾದದ್ದು. ಚಪ್ಪಲಿ ಒತ್ತಿ ಒತ್ತಿ ಕಿರುಬೆರಳಿನ ಮೇಲೆ ಆಣಿ ಎದ್ದಿತು. ಕಾಲೂರಿದರೆ ಜೀವ ಹೋದಂತಾಗುತ್ತಿತ್ತು. ಅವನು ಕಾಲನ್ನು ಓರೆ ಮಾಡಿ ಮಣ್ಣು ತುಳಿದ. ಚೂರುಗಳು ಮಣ್ಣಿನಲ್ಲೇ ಉಳಿದವು. ಸುಟ್ಟು ತೆಗೆದ ಮಡಕೆಗಳೆಲ್ಲ ಬಿರುಕು ಬಿಟ್ಟವು. ಕೊಂಡವರು ವಾಪಸು ತಂದು ಬಾಗಿಲಲ್ಲಿ ಇಟ್ಟು ಹೋದರು. ಹೀಗೇ ಆದರೆ ನಮ್ಮ ಮಡಕೆ ಯಾರೂ ಮುಟ್ಟುವುದಿಲ್ಲ, ನಾವು ಉಣ್ಣುವುದೇನು ಎಂದು ಹೆಂಡತಿ ಕಣ್ಣೀರು ಹಾಕಿದಳು.

ಊರಲ್ಲಿ ಮನೆಮದ್ದು ಬಲ್ಲ ಒಬ್ಬ ಅಜ್ಜಿ ಇದ್ದಳು. ಅವಳು ಬಿಸಿನೀರಿಗೆ ಕಲ್ಲುಪ್ಪು ಹಾಕಿ ಅವನ ಕಾಲು ನೆನೆಸಿದಳು. ಹರಳೆಣ್ಣೆ ಹಚ್ಚಿ ನೀವಿದಳು. ಮಲಗುವಾಗ ನಿಂಬೆಸಿಪ್ಪೆ ಇಟ್ಟು ಬಟ್ಟೆ ಕಟ್ಟಿಕೋ ಎಂದಳು. ಕೆಲವು ದಿನಗಳಲ್ಲಿ ಆಣಿ ಮೆತ್ತಗಾಗಿ ಉದುರಿತು. ಕುಂಬಾರ ಚಪ್ಪಲಿ ಮೆಟ್ಟಿಕೊಂಡು ಜಗಲಿಗೆ ಹೋದ. ಆಣಿ ಮತ್ತೆ ಎದ್ದಿತು. ಈ ಸಲ ಅಜ್ಜಿ ಬೆಳ್ಳುಳ್ಳಿ ಜಜ್ಜಿ ಕಟ್ಟಿದಳು. ಹೋಯಿತು. ಮತ್ತೆ ಬಂತು. ಕುಂಬಾರ ಅಜ್ಜಿಯ ಮದ್ದನ್ನೇ ಬೈಯತೊಡಗಿದ. ಇನ್ನೇನು ಮಾಡಿಯಾನು ಪಾಪ, ಚಪ್ಪಲಿಯನ್ನು ಬೈಯುವ ಧೈರ್ಯ ಇರಲಿಲ್ಲವಲ್ಲ.

ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು. ಅಂಗಾಲಿನ ಜಡ್ಡನ್ನೂ ಉಜ್ಜಿ ತೆಗೆದುಬಿಟ್ಟರೆ ಪಾದ ಸಣ್ಣದಾಗಿ ಚಪ್ಪಲಿಗೆ ಹಿಡಿಸೀತು, ಅಷ್ಟು ಮಾಡಿಕೊಡು ಎಂದು ಅಜ್ಜಿಯ ಮುಂದೆ ಕಾಲು ಚಾಚಿದ.

ಅಜ್ಜಿ ಆ ಕಾಲನ್ನು ಅತ್ತ ತಳ್ಳಿದಳು. "ಜಡ್ಡು ನಿನ್ನ ದುಡಿಮೆಯದು, ಅದಕ್ಕೆ ನಾನು ಕೈ ಹಚ್ಚುವುದಿಲ್ಲ. ಆಣಿ ಗೌಡನ ಚಪ್ಪಲಿಯದು. ಆ ಚಪ್ಪಲಿ ಕಳಚುವ ತನಕ ನನ್ನ ಮನೆಗೆ ಬರಬೇಡ ಮಗನೇ."

ಮರುದಿನ ಜಗಲಿಯ ತುಂಬ ಜನ ಸೇರಿದ್ದರು. ಕುಂಬಾರ ಬರಿಗಾಲಲ್ಲಿ ಕುಂಟುತ್ತ ಬಂದ. ಕೈಯಲ್ಲಿದ್ದ ಚಪ್ಪಲಿಯನ್ನು ಮೆಟ್ಟಿಲ ಬಳಿ ಜೋಡಿಸಿಟ್ಟು ಅಂಗಳಕ್ಕೆ ಸರಿದು ನಿಂತ. ಗೌಡನ ಮುಖ ಕೆಂಪಾಯಿತು. ಕೊಟ್ಟ ಮರ್ಯಾದೆಯನ್ನು ತಿರುಗಿಸುವಷ್ಟು ಸೊಕ್ಕೇ, ಇನ್ನು ಸಾಯುವ ತನಕ ಅಂಗಳದಲ್ಲೇ ನಿಂತಿರು ಎಂದು ಗದರಿದ.

"ಈ ಚಪ್ಪಲಿ ನಿಮ್ಮ ಕಾಲಿಗೆ ಹೊಲಿದದ್ದು ಗೌಡರೇ, ನನ್ನ ಕಾಲು ಕೊಯ್ದು ಅದಕ್ಕೆ ಹೊಂದಿಸಲಾರೆ" ಎಂದ ಕುಂಬಾರ. "ಅಂಗಳದಲ್ಲೇ ನಿಲ್ಲುತ್ತೇನೆ. ಇಲ್ಲಿ ನೆಟ್ಟಗೆ ನಿಲ್ಲುವುದಕ್ಕಾಗುತ್ತದೆ."

ಗೌಡ ಅವನ ಮಡಕೆ ಕೊಳ್ಳುವುದನ್ನು ಬಿಟ್ಟ. ಬಿಡಲಿ. ಊರಿನವರಿಗೆ ನೀರು ಕುಡಿಯಲು ಸೋರದ ಮಡಕೆ ಬೇಕಿತ್ತು, ಅವರು ಕೊಂಡರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಆ ಆಣಿ ಏನಾಯಿತು ಎಂದು ಪರ್ವತಯ್ಯ ಮೆಲ್ಲಗೆ ಕೇಳಿದ. ಅದೇ ಬಿಸಿನೀರು, ಅದೇ ಹರಳೆಣ್ಣೆಗೆ ಉದುರಿಹೋಯಿತು, ಮತ್ತೆ ಏಳಲಿಲ್ಲ, ಅಜ್ಜಿಯ ಮದ್ದಿನಲ್ಲಿ ಯಾವತ್ತೂ ದೋಷ ಇರಲಿಲ್ಲ ಎಂದರು ಗುರುಗಳು. ಪರ್ವತಯ್ಯ ಜಾರುತ್ತಿದ್ದ ಜರಿಶಾಲನ್ನು ಹೆಗಲ ಮೇಲೆ ಸರಿಮಾಡಿಕೊಳ್ಳುತ್ತ, ಹಾಗಾದರೆ ನನ್ನ ಮಂತ್ರ ಎಂದು ಕೈಮುಗಿದ.

"ಈಗಲೇ ಕೊಡುತ್ತೇನೆ ಪರ್ವತಯ್ಯ, ಮೊದಲು ಆ ಶಾಲು ತೆಗೆದು ಇಲ್ಲಿಡು."