ಕಕ್ಕೆಹಟ್ಟಿಯ ಜುಂಜಣ್ಣ ನಂಬರು ಕಾದದ್ದು

ಹತ್ತಿರ ಬನ್ನಿ, ಇನ್ನೂ ಹತ್ತಿರ ಬನ್ನಿ. ನಾನು ಕತೆ ಹೇಳೋಕೆ ಕೂತರೆ ಮೇಯೋ ಕುರಿ ಮೇವು ಬಿಟ್ಟು ಕಿವಿ ನಿಮಿರಿಸುತ್ತೆ. ಒಂದು ಸಲ ಕಿರುಬ ಬಂದದ್ದು, ಕುರಿ ಹಿಡಿಯೋದು ಮರೆತು, ಕತೆ ಮುಗಿಯೋ ತನಕ ಬಂಡೆ ಮೇಲೆ ಕೂತಿತ್ತು. ಸುಳ್ಳು ಅಂದ್ರೆ ಆ ಬಂಡೆನೇ ಕೇಳಿ. ನಾನು ಇಸ್ಕೂಲಿನ ಮೆಟ್ಟಿಲು ಹತ್ತಿದವನಲ್ಲ. ನಾನು ಹೇಳ್ತೀನಿ, ಮೊಮ್ಮಗಳು ಬರಕೊಳ್ತಾಳೆ. ತಪ್ಪಿದ್ರೆ ಅವಳದು, ಸೊಗಸಿದ್ರೆ ನಂದು.

ಕಕ್ಕೆಹಟ್ಟಿ ಅಂತ ಒಂದು ಹಟ್ಟಿ. ಮೂವತ್ತು ಮನೆ, ಮುನ್ನೂರು ಕುರಿ. ಅಲ್ಲಿ ಈರಕ್ಕ ಅಂತ ಅಂಗನವಾಡಿ ಟೀಚರು. ಆಕೆಗೆ ಒಬ್ಬನೇ ಮಗ, ಜುಂಜಣ್ಣ. ಆಳು ಬಾಗಿಲಿಗಿಂತ ಎತ್ತರ. ಮೀಸೆ ಪೊರಕೆಯಷ್ಟು ದಪ್ಪ. ಮನಸ್ಸು ಹಸುವಿನ ಹಾಲು. ತಲೆ ಮಾತ್ರ ಖಾಲಿ ಕೊಡ!

ಬೇರೆ ತಾಯಂದಿರು ಮಗ ಹೇಳಿದ ಮಾತು ಕೇಳಲ್ಲ ಅಂತ ಅಳ್ತಾರೆ. ಈರಕ್ಕ, "ನನ್ನ ಮಗ ಹೇಳಿದ ಮಾತು ಕೇಳ್ತಾನಲ್ಲಪ್ಪಾ!" ಅಂತ ಅಳೋಳು. ಹಾಲು ಉಕ್ಕಿದ್ರೆ ಕೂಗು ಅಂದ್ರೆ, ಒಲೆ ಮುಂದೆ ಕೂತು, ಹಾಲು ಉಕ್ಕೋ ತನಕ ಕಾದು, ಎಲ್ಲಾ ಉಕ್ಕಿ ಬೂದಿಗೆ ಬಿದ್ದ ಮೇಲೆ, "ಅವ್ವಾ, ಉಕ್ತು!" ಅಂತ ಕೂಗೋನು. ಅಷ್ಟು ನಂಬಿಗಸ್ತ.

ಅಂಗನವಾಡೀಲಿ ಹನ್ನೊಂದು ಮಕ್ಕಳು. ಎಲ್ಲಾ ಮೂರು ವರ್ಷದವು, ನಾಲ್ಕು ವರ್ಷದವು. ಮೇಲಿಂದ ಮಾತು ಬಂತು, ಮಕ್ಕಳೂ ಕಮ್ಮಿ, ಕಲಿಕೆನೂ ಕಮ್ಮಿ, ಈ ಅಂಗನವಾಡಿ ಮುಚ್ಚಿ ಹಳ್ಳದ ಆಚೆ ಊರಿಗೆ ಸೇರಿಸ್ತೀವಿ ಅಂತ. ಆಚೆ ಊರು ಎರಡು ಮೈಲಿ.

"ಈ ಪುಟ್ಟ ಕಾಲು ಎರಡು ಮೈಲಿ ನಡೀತಾವಾ ಮೇಡಂ?" ಅಂತ ಈರಕ್ಕ ಗೋಗರೆದಳು.

ಸೂಪರ್‌ವೈಸರ್ ವಿಮಲಾಕ್ಷಮ್ಮ ಕಟ್ಟುನಿಟ್ಟಿನ ಹೆಂಗಸು. ನಕ್ಕಿದ್ದು ಕಂಡವರಿಲ್ಲ. ಮೇಡಂ ಸ್ಲೇಟಿನಷ್ಟು ಅಗಲದ ಒಂದು ಟ್ಯಾಬು ಈರಕ್ಕನ ಕೈಗಿಟ್ಟರು. "ಇದರೊಳಗೆ ಲೆಕ್ಕ ಕಲಿಸೋ ಆಟ ಇದೆ. ಶನಿವಾರ ಬರ್ತೀನಿ. ಮಕ್ಕಳು ಇಪ್ಪತ್ತರ ತನಕ ಎಣಿಸಿದ್ರೆ ಅಂಗನವಾಡಿ ಇಲ್ಲೇ ಇರುತ್ತೆ. ಇಲ್ಲಾಂದ್ರೆ ಹಳ್ಳದ ಆಚೆ!"

ಅವತ್ತು ಸೋಮವಾರ. ಅಂಗನವಾಡಿ ಸಹಾಯಕಿ ಹೆರಿಗೆಗೆ ತವರಿಗೆ ಹೋಗಿದ್ದಳು. ಈರಕ್ಕ ಮಕ್ಕಳಿಗೆ ಅನ್ನ ಬೇಯಿಸಬೇಕು, ಬಸುರಿಯರ ಮನೆಗೆ ಹೋಗಬೇಕು. ಟ್ಯಾಬು ಹಿಡಕೊಂಡು ಕೂರೋರು ಯಾರು? ಜುಂಜಣ್ಣ!

"ಮಗಾ, ಇದು ಬಲು ನಾಜೂಕು. ಹಸುಗೂಸು ನೋಡ್ಕೊಂಡಂಗೆ ನೋಡ್ಕೋಬೇಕು. ಗೊತ್ತಾಯ್ತಾ?"

"ಗೊತ್ತಾಯ್ತವ್ವ!"

ಈರಕ್ಕ ವಾಪಸು ಬಂದು ನೋಡ್ತಾಳೆ, ಟ್ಯಾಬಿಗೆ ಹರಳೆಣ್ಣೆ ಹಚ್ಚಿ ತಿಕ್ಕಿ ತಿಕ್ಕಿ ಮಿರಮಿರ ಮಿಂಚಿಸಿದ್ದಾನೆ. ಕೆನ್ನೆಗೆ ದೃಷ್ಟಿಬೊಟ್ಟು. ತೊಟ್ಟಿಲಲ್ಲಿ ಮಲಗಿಸಿ ತೂಗ್ತಿದ್ದಾನೆ. ಹನ್ನೊಂದು ಮಕ್ಕಳೂ ಸುತ್ತ ನಿಂತು "ಜೋ ಜೋ" ಅಂತಿವೆ. ಒಲೆ ಮೇಲೆ ಹಂಡೆ ತುಂಬಾ ನೀರು ಕಾದಿದೆ!

"ಅಯ್ಯೋ ಮಂಕೇ! ನೀರೆರಿತಿದ್ಯೇನೋ ಇದಕ್ಕೆ?"

"ಎಣ್ಣೆ ಹಚ್ಚಿದ ಮೇಲೆ ಎರೀಬೇಡ್ವೇನವ್ವ?"

"ಅದು ಕೂಸಲ್ಲ, ಯಂತ್ರ! ಅದಕ್ಕೆ ನೀರು ಬೇಡ, ಬೀಗ ಬೇಕು. ನಾಲ್ಕು ಅಂಕಿ ಒತ್ತಿದ್ರೆ ಬೀಗ ಬೀಳುತ್ತೆ. ಒತ್ತೋವಾಗ ಯಾರ ಕಣ್ಣಿಗೂ ಬೀಳಬಾರದು. ಯಾರ ಕಣ್ಣಿಗೂ! ಗೊತ್ತಾಯ್ತಾ?"

"ಗೊತ್ತಾಯ್ತವ್ವ!"

ಮಂಗಳವಾರ ಜುಂಜಣ್ಣ ಮಕ್ಕಳನ್ನೆಲ್ಲ ಗೋಡೆ ಕಡೆ ತಿರುಗಿಸಿ ಕೂರಿಸಿದ. ಕೋಳೀನ ಓಡಿಸಿದ. ತಲೆ ಮೇಲೆ ಕಂಬಳಿ ಮುಸುಕು ಹಾಕ್ಕೊಂಡ. ಅಷ್ಟಾದ ಮೇಲೆ ತಾನೂ ಕಣ್ಣು ಗಟ್ಟಿಯಾಗಿ ಮುಚ್ಚಿ, ಟಕ್ ಟಕ್ ಟಕ್ ಟಕ್ ಅಂತ ಒತ್ತಿದ. ಇನ್ನೊಂದು ಸಲ ಒತ್ತು ಅಂತು ಯಂತ್ರ. ಅದೇ ಜಾಗಕ್ಕೆ ಬೆರಳಿಟ್ಟು ಟಕ್ ಟಕ್ ಟಕ್ ಟಕ್! ಬೀಗ ಬಿತ್ತು.

"ನಂಬರು ಎಷ್ಟೋ ಮಗಾ?" ಅಂದಳು ಈರಕ್ಕ.

"ಯಾರ ಕಣ್ಣಿಗೂ ಬಿದ್ದಿಲ್ಲವ್ವ!"

"ನಿನ್ನ ಕಣ್ಣಿಗೆ?"

"ನಾನೇನು ಅಷ್ಟು ಪೆದ್ದನಾ? ನೋಡೇ ಇಲ್ಲ!"

ಈರಕ್ಕ ಬಾಯಿ ಬಡಕೊಂಡು ಪೇಟೆಗೆ ಓಡಿದಳು. ಮೊಬೈಲ್ ರಿಪೇರಿಯವನು ಸಂಜೆ ತನಕ ಹೆಣಗಿ ಬೀಗ ಬಿಡಿಸಿದ. ಒಂದು ದಿನ ಹೋಯ್ತು. ಮಕ್ಕಳಿಗೆ ಒಂದು ಬಿಟ್ಟು ಎರಡು ಬರಲ್ಲ. ಶನಿವಾರ ಓಡಿ ಬರ್ತಿದೆ!

"ಲೋ ಮಂಕೇ! ನಂಬರು ನಿನಗೆ ಗೊತ್ತಿರಬೇಕು, ಬೇರೆಯವರಿಗೆ ಹೇಳಬಾರದು. ನಂಬರು ಕೇಳೋರೆಲ್ಲ ಕಳ್ಳರು! ಎಷ್ಟೇ ಕೇಳಲಿ, ಯಾರೇ ಕೇಳಲಿ, ನಂಬರು ಬಾಯಿಂದ ಬರಕೂಡದು. ಗೊತ್ತಾಯ್ತಾ?"

"ಗೊತ್ತಾಯ್ತವ್ವ!"

ಬುಧವಾರ ಟ್ಯಾಬು ತೆರೆದರೆ ಒಳಗಡೆಯಿಂದ ಒಂದು ಹಸಿರು ಗಿಣಿ ಹಾರಿ ಬಂತು. ಕತ್ತು ಕೊಂಕಿಸಿ, "ಮಕ್ಕಳೇ, ಬುಟ್ಟಿಯಲ್ಲಿ ಎಷ್ಟು ಹಣ್ಣು ಇವೆ?" ಅಂತು.

ಆ ಹನ್ನೊಂದು ಮಕ್ಕಳಲ್ಲಿ ಸಾಕಿ ಅಂತ ನಾಲ್ಕು ವರ್ಷದ ಹುಡುಗಿ, ಬಲು ಚುರುಕು. "ಮೂ..." ಅನ್ನೋದರೊಳಗೆ ಜುಂಜಣ್ಣ ಅವಳ ಬಾಯಿ ಮುಚ್ಚಿದ.

"ಹೇಳಬೇಡ! ನಂಬರು ಕೇಳ್ತಿದೆ! ಕಳ್ಳ ಗಿಣಿ!"

"ಎಷ್ಟು ಹಣ್ಣು ಇವೆ?" ಅಂತು ಗಿಣಿ.

"ನಿನ್ನ ಬುಟ್ಟಿ, ನೀನೇ ಎಣಿಸ್ಕೋ ಹೋಗು!"

"ಪರವಾಗಿಲ್ಲ, ಮತ್ತೆ ಪ್ರಯತ್ನಿಸಿ!"

"ನೋಡ್ರೋ, ಪುಸಲಾಯಿಸ್ತಿದೆ! ಬಾಯಿ ಮುಚ್ರೋ!"

ಹನ್ನೊಂದು ಮಕ್ಕಳೂ ಎರಡೂ ಕೈಯಲ್ಲಿ ಬಾಯಿ ಮುಚ್ಕೊಂಡು ಕೂತವು. ಗಿಣಿ ಕೇಳಿತು, ಕೇಳಿತು, ಕೊನೆಗೆ ಕಣ್ಣು ಮುಚ್ಚಿ ನಿದ್ದೆ ಹೋಯ್ತು. ಈರಕ್ಕ ಬಂದವಳು ಬಾಗಿಲಲ್ಲೇ ಅತ್ತುಬಿಟ್ಟಳು.

"ಅದು ಕಲಿಸೋ ಗಿಣಿ ಕಣೋ! ಹಳ್ಳದ ಆಚೆ ಕಳಿಸಿಬಿಡ್ತಾರೆ ಕಣೋ ನನ್ನ ಮಕ್ಕಳನ್ನ! ಟ್ಯಾಬಿನ ಒಳಗಿಂದ ಏನು ಕೇಳಿದ್ರೂ ನಗ್ತಾ ನಗ್ತಾ ಉತ್ತರ ಕೊಡಬೇಕು. ಗೊತ್ತಾಯ್ತಾ?"

"ಗೊತ್ತಾಯ್ತವ್ವ! ಅಳಬೇಡವ್ವ!"

ಜುಂಜಣ್ಣ ಕಂಬಳಿ ತುದಿಯಲ್ಲಿ ಅವ್ವನ ಕಣ್ಣು ಒರೆಸಿದ. ಗುರುವಾರ ಬೆಳಗಾದದ್ದೇ ಗಿಣಿ ಎಬ್ಬಿಸಿದ. ಗಿಣಿ ಕೇಳೋದು, ಮಕ್ಕಳು ಹೇಳೋದು. ಗಿಣಿ ಹಣ್ಣು, ಅಂಕಿ ತೋರಿಸಿದ್ರೆ ಮಕ್ಕಳು ಹಿಕ್ಕೆ ಇಟ್ಟು ಎಣಿಸೋದು, ಕುರಿ ಹಿಕ್ಕೆಗೇನು ಬರವಾ ಹಟ್ಟೀಲಿ! ಐದಾಯ್ತು, ಹತ್ತಾಯ್ತು, ಸಂಜೆ ಹೊತ್ತಿಗೆ ಇಪ್ಪತ್ತು ಮುಟ್ತು. ಟ್ಯಾಬಿನ ಚಾರ್ಜು ಮುಗಿದು ಗಿಣಿಯೇ ಸುಸ್ತಾಗಿ ಬಿತ್ತು, ಮಕ್ಕಳು ಬೀಳಲಿಲ್ಲ. ಈರಕ್ಕ ಮೊದಲ ಸಲ ಮಗನ ತಲೆ ಸವರಿದಳು.

ಆದರೆ ಶುಕ್ರವಾರ ಬಂತಲ್ಲ! ಟ್ಯಾಬು ಟ್ರಿಣ್ ಟ್ರಿಣ್ ಅಂತು. ಒಳಗೆ ಗಿಣಿ ಇಲ್ಲ. ಕಪ್ಪು ಕನ್ನಡಕದ ಒಬ್ಬ ಗಂಡಸು!

"ನಮಸ್ಕಾರ ಸಾರ್! ಆಫೀಸಿಂದ ಮಾತಾಡ್ತಿದ್ದೀನಿ. ನಿಮ್ಮ ಟ್ಯಾಬಿಗೆ ಒಂದು ನಂಬರು ಬಂದಿದೆ. ಬೇಗ ಹೇಳಿ."

ಆ ನಂಬರು ಹೇಳಿದ್ರೆ ಮುಗೀತು, ಮಕ್ಕಳ ಹೆಸರು, ಫೋಟೋ, ಮನೆ ವಿಳಾಸ ಎಲ್ಲಾ ಆ ಕಳ್ಳನ ಪಾಲು. ಜುಂಜಣ್ಣ ತಲೆ ಕೆರೆದುಕೊಂಡ. ನಂಬರು ಬಾಯಿಂದ ಬರಕೂಡದು, ಅದು ಅವ್ವನ ಮಾತು. ಒಳಗಿಂದ ಕೇಳಿದ್ದಕ್ಕೆ ಉತ್ತರ ಕೊಡಬೇಕು, ಅದೂ ಅವ್ವನ ಮಾತು. ಯಾವುದು ಮೀರೋದು? ಎರಡೂ ಮೀರಬಾರದು!

"ಬಾಯಲ್ಲಿ ಹೇಳಲ್ಲಣ್ಣ. ತೋರಿಸ್ತೀನಿ. ನೋಡ್ಕೋ," ಅಂದ, ನಗ್ತಾ ನಗ್ತಾ. "ಸಾಕೀ, ಮೊದಲನೇ ಅಂಕಿ ಏನೇ? ಕಿವಿಯಲ್ಲಿ ಹೇಳು."

ಸಾಕಿ ಕಿವಿಯಲ್ಲಿ ಹೇಳಿದಳು. ಮಕ್ಕಳು ಓಡಿ ಹೋಗಿ ಏಳು ಕುರಿಮರಿ ಹಿಡಕೊಂಡು ಬಂದವು. ಟ್ಯಾಬಿನ ಮುಂದೆ ನಿಲ್ಲಿಸಿದವು.

"ಇದೇನ್ರೀ ಇದು?"

"ಎಣಿಸ್ಕೋ ಅಣ್ಣ!"

ಕುರಿಮರಿ ನಿಂತ ಕಡೆ ನಿಲ್ಲುತ್ತಾ? ಒಂದು ಹಾರ್ತು, ಒಂದು ಟ್ಯಾಬನ್ನೇ ನೆಕ್ಕಿತು. "ಐದು... ಆರು... ಏಯ್, ಆ ಕರೀದನ್ನ ಹಿಡೀರಿ!" ಅಂತ ಕಳ್ಳ ಕೂಗ್ತಾನೆ. ಅಷ್ಟರಲ್ಲಿ ಎರಡನೇ ಅಂಕಿಯ ನಾಲ್ಕು ಮರಿ ಬಂದು ಮೊದಲಿನವುಗಳ ಜೊತೆ ಕಲಸಿಹೋದವು. ಕಳ್ಳ ಬೆವೆತುಹೋದ, ಕನ್ನಡಕ ತೆಗೆದ. ಮೂರನೇ ಅಂಕಿಗೆ ಜುಂಜಣ್ಣ ಮರಿಗಳನ್ನೆಲ್ಲ ಓಡಿಸಿ ಖಾಲಿ ಅಂಗಳ ತೋರಿಸ್ತಾ ನಿಂತ.

"ಏನೂ ಕಾಣ್ತಾ ಇಲ್ವಲ್ರೀ!"

"ಹೌದಣ್ಣ! ಅದೇ ಅಂಕಿ!"

ಉಳಿದದ್ದಕ್ಕೆ ಕಾಯದೆ ಕಳ್ಳ ಅಂದಾಜಲ್ಲೇ ಮೂರು ಸಲ ತಪ್ಪು ನಂಬರು ಒತ್ತಿದ. ಅಲ್ಲಿಗೆ ಆ ನಂಬರಿನ ಗಡುವೂ ಮುಗೀತು. "ನಿಮ್ಮ ಹಟ್ಟಿ ಸಹವಾಸ ಸಾಕಪ್ಪೋ!" ಅಂತ ಅವನೇ ಕೈಮುಗಿದು ಮಾಯವಾದ. ಆಮೇಲೆ ಆ ಕಸಬೇ ಬಿಟ್ಟು ಎಲ್ಲೋ ಇಡ್ಲಿ ಅಂಗಡಿ ಇಟ್ಟನಂತೆ. ಆ ಇಡ್ಲಿ ನಾನೇ ತಿಂದಿದ್ದೀನಿ, ಮೆತ್ತಗಿತ್ತು.

ಈರಕ್ಕ ಬಂದು ಎಲ್ಲಾ ಕೇಳಿದಳು. ಹೊಗಳಬೇಕೋ ಬಯ್ಯಬೇಕೋ ತಿಳೀಲಿಲ್ಲ. ಎರಡಕ್ಕೂ ಸೇರಿಸಿ ಬಯ್ದಳು.

"ಮಂಕೇ, ಮಂಕೇ! ಗುರುತಿಲ್ಲದೋರ ಜೊತೆ ಮಾತೇನೋ? ಮೊದಲು ಯಾರು, ಯಾವೂರು, ಗುರುತಿನ ಚೀಟಿ ಎಲ್ಲಿ ಅಂತ ಕೇಳು. ಅವರೇ ಅಂತ ಖಾತ್ರಿ ಆಗೋ ತನಕ ನಂಬರೂ ಇಲ್ಲ, ಮಕ್ಕಳ ಮುಖಾನೂ ಇಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತವ್ವ! ಮಕ್ಕಳಿಗೂ ಹೇಳಿಕೊಡ್ತೀನಿ."

ಹೇಳಿಕೊಟ್ಟ. ಚೆನ್ನಾಗಿ ಹೇಳಿಕೊಟ್ಟ!

ಶನಿವಾರ ವಿಮಲಾಕ್ಷಮ್ಮ ಬಂದರು. ಒಂದು ಕೈಯಲ್ಲಿ ರಿಜಿಸ್ಟರು, ಇನ್ನೊಂದು ಕೈಯಲ್ಲಿ ವಿಡಿಯೋ ತೆಗೆಯೋಕೆ ಫೋನು. ಈರಕ್ಕ ಹಿಂದುಗಡೆ ಒಲೆ ಹತ್ತಿರ ಇದ್ದಳು. ಬಾಗಿಲಲ್ಲಿ ಜುಂಜಣ್ಣ ಅಡ್ಡ ನಿಂತ.

"ಯಾರು? ಯಾವೂರು? ಗುರುತಿನ ಚೀಟಿ ಎಲ್ಲಿ?"

ಮೇಡಂ ಚೀಟಿ ತೋರಿಸಿದರು. ಜುಂಜಣ್ಣ ಚೀಟಿ ನೋಡಿದ, ಮುಖ ನೋಡಿದ. ಚೀಟಿ ನೋಡಿದ, ಮುಖ ನೋಡಿದ.

"ಖಾತ್ರಿ ಆಗ್ತಿಲ್ಲಮ್ಮ. ಚೀಟಿಯಲ್ಲಿರೋರು ನಗ್ತಿದ್ದಾರೆ. ನೀವು ನಗ್ತಿಲ್ಲ."

"ಏನು ತಲೆಹರಟೆ ಇದು! ಜರುಗು!" ಅಂತ ವಿಮಲಾಕ್ಷಮ್ಮ ಫೋನು ಎತ್ತಿ ಒಳಗೆ ನುಗ್ಗಿದರು. ಜುಂಜಣ್ಣ ಸರ್ರನೆ ದೊಡ್ಡ ಕಂಬಳಿ ಎಳೆದು ಹನ್ನೊಂದು ಮಕ್ಕಳ ಮೇಲೂ ಹೊದಿಸಿಬಿಟ್ಟ. ಈರಕ್ಕ ಸೌಟು ಹಿಡಕೊಂಡೇ ಓಡಿ ಬಂದಳು. ನೋಡಿದ್ರೆ ಅಂಗನವಾಡೀಲಿ ಮಕ್ಕಳಿಲ್ಲ, ಉಬ್ಬುತಗ್ಗಿನ ಒಂದು ಕಂಬಳಿ ಇದೆ!

"ಇರಲಿ," ಅಂದರು ವಿಮಲಾಕ್ಷಮ್ಮ, ಹಲ್ಲು ಕಚ್ಚಿ. "ಮಕ್ಕಳೇ, ಎಣಿಸಿ ನೋಡೋಣ. ಒಂದು, ಎರಡು, ಮೂರು... ಆಮೇಲೆ?"

ಕಂಬಳಿ ಸುಮ್ಮನಿತ್ತು.

"ಹೇಳ್ರಪ್ಪಾ, ಹೇಳ್ರಮ್ಮಾ!" ಅಂತ ಈರಕ್ಕ ಬೇಡಿಕೊಂಡಳು. ಕಂಬಳಿ ಸುಮ್ಮನಿತ್ತು.

ವಿಮಲಾಕ್ಷಮ್ಮ ಪೆನ್ನು ತೆಗೆದರು. "ಮಕ್ಕಳಿಗೆ ಎಣಿಕೆ ಬರುವುದಿಲ್ಲ ಅಂತ ಬರಕೊಳ್ತೀನಿ ಈರಕ್ಕ. ಇನ್ನು ಹಳ್ಳದ ಆಚೆಗೇ."

ಈರಕ್ಕ ರಿಜಿಸ್ಟರಿಗೆ ಸೌಟು ಅಡ್ಡ ಹಿಡಿದಳು. ಅಷ್ಟರಲ್ಲಿ ಕಂಬಳಿಯ ಒಂದು ತುದಿ ಎದ್ದು ಸಾಕಿಯ ತಲೆ ಹೊರಗೆ ಬಂತು. ಮೂಗು ಕೆಂಪಗಾಗಿತ್ತು ಸಿಟ್ಟಿಗೆ.

"ಬರುತ್ತೆ! ಹೇಳಲ್ಲ!"

"ಬಂದ್ರೆ ಹೇಳಬೇಕಮ್ಮ," ಅಂದರು ವಿಮಲಾಕ್ಷಮ್ಮ.

"ನಾಲ್ಕು ಅಂತ ನಿಂಗೆ ಹೇಳಲ್ಲ!"

ಇನ್ನೊಂದು ಮೂಲೆಯಿಂದ ಇನ್ನೊಂದು ತಲೆ. "ಐದು ಅಂತಾನೂ ಹೇಳಲ್ಲ!"

"ಆರೂ ಹೇಳಲ್ಲ!"

"ಏಳೂ ಹೇಳಲ್ಲ!"

"ಭೇಷ್ ಮಕ್ಕಳಾ!" ಅಂದ ಜುಂಜಣ್ಣ. "ಬಾಯಿ ಬಿಡಬೇಡಿ!"

"ಎಂಟೂ ಹೇಳಲ್ಲ! ಒಂಬತ್ತೂ ಹೇಳಲ್ಲ! ಹತ್ತೂ ಹೇಳಲ್ಲ!" ಹಂಗೇ ಸಾಗ್ತು ನೋಡಿ, ಒಂದೊಂದು ತಲೆ ಎದ್ದು ಒಂದೊಂದು ಗುಟ್ಟು ಕಾಯೋದು. ಒಬ್ಬ ಹದಿಮೂರು ಬಿಟ್ಟು ಹದಿನಾಲ್ಕು ಹೇಳಲ್ಲ ಅಂದದ್ದಕ್ಕೆ ಪಕ್ಕದವಳು, "ಲೋ, ಮೊದಲು ಹದಿಮೂರು ಹೇಳಬಾರದು!" ಅಂತ ತಲೆಗೆ ಮೊಟಕಿದಳು. ಹದಿನೆಂಟು ಹೇಳಲ್ಲ, ಹತ್ತೊಂಬತ್ತು ಹೇಳಲ್ಲ, ಆಮೇಲೆ ಕಂಬಳಿ ಕಿತ್ತೆಸೆದು ಹನ್ನೊಂದೂ ಒಟ್ಟಿಗೆ, "ಇಪ್ಪತ್ತಂತೂ ಹೇಳೋದೇ ಇಲ್ಲ!"

ವಿಮಲಾಕ್ಷಮ್ಮನ ಪೆನ್ನು ನಿಂತುಹೋಯ್ತು. ತುಟಿ ನಡುಗಿತು. ಗಲ್ಲ ನಡುಗಿತು. ನಕ್ಕರು ನೋಡಿ! ಹೊಟ್ಟೆ ಹಿಡಕೊಂಡು ಚಾಪೆ ಮೇಲೆ ಕೂತು ನಕ್ಕರು. ಆ ನಗು ಮೂರು ಹಟ್ಟಿಗೆ ಕೇಳಿಸ್ತು, ನಾನು ಗುಡ್ಡದ ಮೇಲಿದ್ದೆ, ನನಗೂ ಕೇಳಿಸ್ತು.

"ಅಂಗನವಾಡಿ ಇಲ್ಲೇ ಇರಲಿ ಈರಕ್ಕ," ಅಂದರು, ಕಣ್ಣು ಒರೆಸಿಕೊಂಡು. "ಈ ಮಕ್ಕಳು ಎಲ್ಲಿಗೂ ನಡೀಬೇಕಾಗಿಲ್ಲ. ದಿನಾ ಹತ್ತು ಗಂಟೆಗೆ ಫೋನ್ ಮಾಡ್ತೀನಿ. ಎಷ್ಟು ಮಕ್ಕಳು ಬಂದಿದ್ದಾರೆ ಅಂತ ಹೇಳಿದ್ರೆ ಸಾಕು."

ಸೋಮವಾರ ಈರಕ್ಕ ಲಸಿಕೆ ಕೆಲಸಕ್ಕೆ ಮನೆಮನೆಗೆ ಹೊರಟಳು. ಹೊರಡೋವಾಗ ಮಗನ ಕೈ ಹಿಡಕೊಂಡು ಹೇಳಿದಳು, "ಮಗಾ, ಮೇಡಂ ಫೋನ್ ಮಾಡ್ತಾರೆ. ಅವರಿಗೆ ನಂಬರು ಹೇಳಬಹುದು. ಆದ್ರೆ ಅವರೇ ಅಂತ ಖಾತ್ರಿ ಮಾಡ್ಕೊಂಡು ಹೇಳು, ದನಿ ಕೇಳಿ ಮೋಸ ಹೋಗಬೇಡ. ಮಕ್ಕಳನ್ನ ಒಂದು ಗಳಿಗೆನೂ ಬಿಟ್ಟು ಹೋಗಬೇಡ. ಗೊತ್ತಾಯ್ತಾ?"

"ಗೊತ್ತಾಯ್ತವ್ವ!"

ಹತ್ತು ಗಂಟೆಗೆ ಫೋನು. "ಜುಂಜಣ್ಣ, ಇವತ್ತು ಎಷ್ಟು ಮಕ್ಕಳಪ್ಪ?"

"ತಡೀರಿ ಅಮ್ಮ, ನೋಡಿ ಹೇಳ್ತೀನಿ," ಅಂತ ಫೋನ್ ಇಟ್ಟ.

ಎಣಿಸೋಕೆ ಹೋಗಿದ್ದಾನೆ ಅಂದ್ಕೊಂಡರು ವಿಮಲಾಕ್ಷಮ್ಮ. ಜುಂಜಣ್ಣ ಹಿತ್ತಿಲಿಗೆ ಹೋದ. ಹೆಗಲ ಮೇಲೆ ಹೊರೋ ಅಡ್ಡೆ ತಂದ, ಅದರ ಎರಡು ತುದಿಗೆ ಎರಡು ದೊಡ್ಡ ಕುಕ್ಕೆ ಕಟ್ಟಿದ. ಮುಂದಿನ ಕುಕ್ಕೆಗೆ ಐದು ಮಕ್ಕಳು, ಹಿಂದಿನ ಕುಕ್ಕೆಗೆ ಐದು ಮಕ್ಕಳು. ಉಳಿದ ಸಾಕಿಯನ್ನ ಯಾವ ಕಡೆ ಹಾಕಿದ್ರೂ ಅಡ್ಡೆ ವಾಲುತ್ತೆ ಅಂತ ಕತ್ತಿನ ಮೇಲೆ ಕೂರಿಸಿಕೊಂಡ. ಎತ್ತಿದ, ಹೊರಟ! ಆಫೀಸು ಇರೋದು ಏಳು ಮೈಲಿ. ಹಳ್ಳ ದಾಟಿದ, ದಿಬ್ಬ ಹತ್ತಿದ. ಸಾಕಿ ದಾರಿಯುದ್ದಕ್ಕೂ ಕರೆಂಟ್ ಕಂಬ ಎಣಿಸಿದಳು. ಇಪ್ಪತ್ತಾದ ಮೇಲೆ ಮತ್ತೆ ಒಂದರಿಂದ.

ಊಟದ ಹೊತ್ತಿಗೆ ಆಫೀಸು ಸಿಕ್ತು. ಒಳಗೆ ಸಾಹೇಬರು, ಗುಮಾಸ್ತರು, ಟಿಫನ್ ಡಬ್ಬಿ ಬಿಚ್ಚಿ ಕೂತಿದ್ದಾರೆ. ಜುಂಜಣ್ಣ ಅಡ್ಡೆ ಸಮೇತ ಬಾಗಿಲಲ್ಲಿ ನಿಂತು ವಿಮಲಾಕ್ಷಮ್ಮನ ಮುಖಾನೇ ದಿಟ್ಟಿಸಿದ.

"ಹೂಂ. ನೀವೇ."

"ಅಯ್ಯಯ್ಯೋ ಜುಂಜಣ್ಣ! ಎರಡು ಮೈಲಿ ನಡೀಬಾರದು ಅಂತ ಅಂಗನವಾಡಿ ಉಳಿಸಿದ್ದು! ಏಳು ಮೈಲಿ ನಡೆಸ್ಕೊಂಡು ಬಂದ್ಯೇನೋ ಮಕ್ಕಳನ್ನ?"

"ನಡೆಸಲಿಲ್ಲಮ್ಮ. ಹೊತ್ಕೊಂಡು ಬಂದೆ."

"ಅಲ್ಲಪ್ಪ, ಎಷ್ಟು ಮಕ್ಕಳು ಅಂತ ಫೋನಲ್ಲೇ ಹೇಳಬಾರದಿತ್ತಾ?"

ಜುಂಜಣ್ಣ ಕುಕ್ಕೆ ಮೆಲ್ಲಗೆ ಇಳಿಸಿದ. ಸುತ್ತ ಕೂತಿದ್ದ ಗುಮಾಸ್ತರನ್ನೆಲ್ಲ ಒಂದು ಸಲ ಅನುಮಾನದಿಂದ ನೋಡಿದ. ಬಗ್ಗಿ, ವಿಮಲಾಕ್ಷಮ್ಮನ ಕಿವಿಗೆ ಬಾಯಿಟ್ಟು, ಯಾರಿಗೂ ಕೇಳದಂಗೆ ಪಿಸುಗುಟ್ಟಿದ,

"ಹನ್ನೊಂದು."

ಆಮೇಲೆ ಅಡ್ಡೆ ಎತ್ತಿ ಹೆಗಲಿಗಿಟ್ಟು ತಿರುಗಿದ. "ನಾಳೆ ಹತ್ತು ಗಂಟೆಗೆ ಸರಿಯಾಗಿ ಬರ್ತೀವಮ್ಮ. ಇವತ್ತು ಹೊರಡೋದು ತಡವಾಯ್ತು."