ಮೇಲಂತಸ್ತು ಇಡುವ ದಿನ

ಹೊಳೆದಂಡೆಯ ಆಶ್ರಮದಲ್ಲಿ ಒಂಬತ್ತು ಪೆಟ್ಟಿಗೆ ಜೇನಿದ್ದವು. ಒಂದೇ ಮಳೆಗಾಲದಲ್ಲಿ ರೋಗ ಬಿದ್ದು ಎಂಟು ಅಳಿದವು.

ಉಳಿದ ಒಂದನ್ನು ಆಶ್ರಮ ನಡೆಸುತ್ತಿದ್ದ ನೀಲವ್ವ ತಾಯಿ ಮೌನೇಶನಿಗೆ ಒಪ್ಪಿಸಿದರು.

ಮೌನೇಶ ನಲವತ್ತು ದಾಟಿದ ಬಡಿಗ. ಊರವರಿಗೆ ಬಾಗಿಲು, ತೊಟ್ಟಿಲು ಮಾಡಿಕೊಡುತ್ತಿದ್ದವನು, ಹೆಂಡತಿ ತೀರಿಕೊಂಡ ಮೇಲೆ ಉಳಿ, ಬಾಚಿಗಳ ಚೀಲವನ್ನು ಹೆಗಲಿಗೇರಿಸಿಕೊಂಡೇ ಆಶ್ರಮಕ್ಕೆ ಬಂದಿದ್ದ. ಹಿಡಿದದ್ದನ್ನು ಬಿಡುವ ಜಾಯಮಾನ ಅವನದಲ್ಲ.

“ಇದನ್ನು ಉಳಿಸು” ಎಂದರು ತಾಯಿ.

“ಉಳಿಸುತ್ತೇನೆ ತಾಯಿ. ಈ ಬೇಸಿಗೆಗೆ ಜೇನುತುಪ್ಪವನ್ನೂ ತೆಗೆಯುತ್ತೇನೆ. ಕೆಮ್ಮಿಗೆ, ಸುಟ್ಟ ಗಾಯಕ್ಕೆ ಅಂತ ಬಂದವರೆಲ್ಲ ಹೋದ ವರ್ಷ ಬರಿಗೈಯಲ್ಲಿ ಹೋದರು. ಈ ವರ್ಷ ಹಾಗಾಗಬಾರದು.”

ತಾಯಿ ತಲೆಯಾಡಿಸಿದರು, ಅಷ್ಟೆ.

ಪೆಟ್ಟಿಗೆಯ ಕೆಳಕೋಣೆಯಲ್ಲಿ ಜೇನಿನ ಸಂಸಾರವೆಲ್ಲ ಇರುತ್ತದೆ. ರಾಣಿ, ಮೊಟ್ಟೆ, ಮರಿ, ಎಲ್ಲ ಅಲ್ಲೇ. ಮನುಷ್ಯನಿಗೆ ತುಪ್ಪ ಬೇಕೆಂದರೆ ಅದರ ಮೇಲೆ ಇನ್ನೊಂದು ಕೋಣೆ ಏರಿಸಬೇಕು. ಅದೇ ಮೇಲಂತಸ್ತು.

ಮೌನೇಶ ಹಲಸಿನ ಹಲಗೆ ತಂದು ಐದು ದಿನ ಕೂತು ಮೇಲಂತಸ್ತು ಮಾಡಿದ. ಮೂಲೆಯ ಜೋಡಣೆಯಲ್ಲಿ ಕೂದಲು ತೂರುವಷ್ಟೂ ಸಂದಿಯಿರಲಿಲ್ಲ. ಆರನೆಯ ದಿನ ಬೆಳಿಗ್ಗೆ ಅದನ್ನು ಪೆಟ್ಟಿಗೆಯ ಮೇಲಿಟ್ಟು ಕೈ ಒರೆಸಿಕೊಂಡ.

“ಇವತ್ತೇ ಯಾಕೆ ಇಟ್ಟೆ?” ಎಂದು ತಾಯಿ ಕೇಳಿದರು.

“ನಿನ್ನೆ ಮುಗಿಯಿತು.”

“ಯಾರದ್ದು ಮುಗಿಯಿತು?”

“ನನ್ನ ಕೆಲಸ, ತಾಯಿ.”

ಮಾಘದ ಚಳಿ ಇನ್ನೂ ಬಿಟ್ಟಿರಲಿಲ್ಲ. ಕೆಳಕೋಣೆಯ ಎಂಟು ಮೇಣದ ಎರಿಗಳಲ್ಲಿ ನಾಲ್ಕರ ಮೇಲೆ ಮಾತ್ರ ಜೇನು ಕೂತಿದ್ದವು. ಆ ನಾಲ್ಕರ ಬಿಸುಪಿನಲ್ಲೇ ಮರಿಗಳು ಬದುಕಬೇಕಿತ್ತು.

ಒಂಬತ್ತನೆಯ ದಿನ ಪೆಟ್ಟಿಗೆಯ ಬಾಗಿಲಲ್ಲಿ ಸತ್ತ ಮರಿಗಳು ಬಿದ್ದಿದ್ದವು. ಅಕ್ಕಿಕಾಳಿನಂತೆ ಬೆಳ್ಳಗೆ. ಒಳಗಿನಿಂದ ಜೇನುಗಳು ಇನ್ನೂ ಒಂದೊಂದನ್ನೇ ಎಳೆದು ತಂದು ಹಾಕುತ್ತಿದ್ದವು.

ಮೌನೇಶ ಓಡಿ ಹೋಗಿ ತಾಯಿಯನ್ನು ಕರೆತಂದ.

“ಮತ್ತೆ ಆ ರೋಗವೇ ಬಂತಾ ತಾಯಿ?”

ತಾಯಿ ಮುಚ್ಚಳ ತೆಗೆಸಿದರು. “ಒಳಗೆ ಕೈ ಇಡು.”

ಅವನು ಹೊಸ ಕೋಣೆಯೊಳಗೆ ಕೈಯಿಟ್ಟ. ಅದು ಹೊಳೆಯ ಕಲ್ಲಿನಂತೆ ತಣ್ಣಗಿತ್ತು. ಕೆಳಗಿನ ಬಿಸುಪೆಲ್ಲ ಏರಿ ಬಂದು ಅಲ್ಲಿ ಆರಿಹೋಗುತ್ತಿತ್ತು.

ಅವನಿಗೆ ತಿಳಿಯಿತು. ಮೇಲಂತಸ್ತನ್ನು ಕಿತ್ತು ತೆಗೆದು ಬಾಚಿಗೆ ಕೈ ಹಾಕಿದ.

“ಅದನ್ನೇಕೆ ಒಡೆಯುತ್ತೀ?” ಎಂದರು ತಾಯಿ. “ಮರ ತಾನಾಗಿ ಏರಿ ಕೂತಿತಾ?”

ಬಾಚಿ ಕೆಳಗಿಳಿಯಿತು.

ಮಾರನೆಯ ದಿನದಿಂದ ಮೌನೇಶ ಬೆಳಗಿನ ಪೂಜೆ ಮುಗಿದೊಡನೆ ಜೇನಿನ ಬಳಿ ಬಂದು ಕೂರತೊಡಗಿದ. ಯಾರೂ ಹೇಳಿರಲಿಲ್ಲ. ಇದನ್ನು ಸಾಯಲು ಬಿಡುವುದಿಲ್ಲ ಎಂದು ಅವನೇ ನಿಶ್ಚಯಿಸಿದ್ದ.

ಮೊದಲ ವಾರ, “ಏನು ಕಂಡೆ?” ಎಂದು ತಾಯಿ ಕೇಳಿದರು.

“ಹೋಗುತ್ತವೆ, ಬರುತ್ತವೆ.”

“ಅದು ಕೂರದವನಿಗೂ ಕಾಣುತ್ತದೆ.”

ಎರಡನೆಯ ವಾರ ಅವನು ಹೇಳಿದ: “ಬರುವವುಗಳ ಕಾಲಲ್ಲಿ ಹಳದಿ ಪರಾಗ ಇದೆ. ಒಳಗೆ ಮರಿ ಹೆಚ್ಚುತ್ತಿರಬೇಕು.”

ತಾಯಿ ಇನ್ನೂ ಕೇಳುವವರಂತೆ ನಿಂತೇ ಇದ್ದರು.

“ಬೇರೇನೂ ಕಾಣಲಿಲ್ಲ ತಾಯಿ.”

“ಸರಿ” ಎಂದು ಅವರು ಹೊರಟುಹೋದರು.

ಚೈತ್ರ ಬಂತು. ಹೊಳೆಸಾಲಿನ ಹೊಂಗೆಮರಗಳೆಲ್ಲ ಹೂವಾದವು, ನೆಲಕ್ಕೆ ಅರಳು ಚೆಲ್ಲಿದ ಹಾಗೆ. ಒಳಗೆ ಎಂಟೂ ಎರಿಗಳ ಮೇಲೆ ಜೇನು ಕಿಕ್ಕಿರಿದವು. ಎರಿಗಳ ನೆತ್ತಿಯಲ್ಲಿ ಹೊಸ ಮೇಣ ಬೆಳ್ಳಗೆ ಕಾಣಿಸಿತು.

ಮೌನೇಶ ಎಲ್ಲವನ್ನೂ ಕಂಡ. ಮೇಲಂತಸ್ತನ್ನು ಎತ್ತಿಕೊಂಡು ಬಂದ. ಪೆಟ್ಟಿಗೆಯ ಮುಂದೆ ನಿಂತ. ಹಿಂದಕ್ಕೆ ಒಯ್ದು ಇಟ್ಟ.

ಮರುದಿನವೂ ಹಾಗೆಯೇ ಮಾಡಿದ. ಅದರ ಮರುದಿನವೂ.

“ಮತ್ತೆ ಚಳಿ ಬಿದ್ದರೆ?” ಎಂದ, ತಾಯಿ ಕೇಳದಿದ್ದರೂ. “ಇನ್ನೆರಡು ದಿನ ನೋಡುತ್ತೇನೆ.”

ಜಾಗ ಸಾಲದೆ ಜೇನು ಬಾಗಿಲಿನ ಹೊರಗೆ ಗಡ್ಡದಂತೆ ಇಳಿಬಿದ್ದವು. ಎರಡು ದಿನ ಹತ್ತು ದಿನವಾಯಿತು. ಹನ್ನೊಂದನೆಯ ದಿನ ಮಧ್ಯಾಹ್ನ ಪೆಟ್ಟಿಗೆಯೊಳಗೆ ದೊಡ್ಡ ಸದ್ದೆದ್ದಿತು. ಅರ್ಧಕ್ಕರ್ಧ ಜೇನು ಹಳೆಯ ರಾಣಿಯನ್ನು ಕರೆದುಕೊಂಡು ಪಾಲಾಗಿ ಹೊರಟವು. ಆಕಾಶದಲ್ಲಿ ಒಂದು ಸುತ್ತು ಸುತ್ತಿ, ಹೊಳೆಯ ಮೇಲೆ ಚಾಚಿದ್ದ ಹೊಂಗೆಕೊಂಬೆಯ ತುದಿಗೆ ಮುದ್ದೆಯಾಗಿ ಕೂತವು.

ಅಲ್ಲಿಂದ ಎದ್ದರೆ ಮತ್ತೆ ಸಿಗುವುದಿಲ್ಲ.

ಮೌನೇಶ ಬಿದಿರುಬುಟ್ಟಿಯನ್ನು ಬೆನ್ನಿಗೆ ಕಟ್ಟಿಕೊಂಡು ಮರ ಹತ್ತಿದ. ಕೊಂಬೆ ಬಾಗಿತು, ಕಾಲು ಜಾರಿತು. ಎರಡು ತೊಡೆಯಿಂದ ಕೊಂಬೆಯನ್ನು ಅಪ್ಪಿ ಹಿಡಿದು ಇಂಚಿಂಚಾಗಿ ಸರಿದ. ಕುತ್ತಿಗೆಗೆ, ಕಿವಿಗೆ, ರೆಪ್ಪೆಗೆ ಚುಚ್ಚಿದವು. ಕೈ ಬಿಡಲಿಲ್ಲ. ಮುದ್ದೆಯ ಕೆಳಗೆ ಬುಟ್ಟಿ ಹಿಡಿದು ಕೊಂಬೆಯನ್ನು ಒಮ್ಮೆ ಜೋರಾಗಿ ಕೊಡವಿದ. ಮುದ್ದೆ ಬುಟ್ಟಿಗೆ ಬಿತ್ತು.

ಕೆಳಗಿಳಿದು ಅವನ್ನು ಒಂದು ಖಾಲಿ ಪೆಟ್ಟಿಗೆಗೆ ತುಂಬಿದ. ಹೊಸ ಮನೆಯಲ್ಲಿ ನಿಲ್ಲಲೆಂದು ಹಳೆಯ ಸಂಸಾರದಿಂದ ಮರಿಯಿದ್ದ ಒಂದು ಎರಿ ತಂದು ಕೊಟ್ಟ. ಆಮೇಲೆ ಕಟ್ಟೆಯ ಮೇಲೆ ಕುಸಿದು ಕೂತ.

ತಾಯಿ ಪಕ್ಕದಲ್ಲಿ ಕೂತು, ಅವನ ಕುತ್ತಿಗೆಯ ಮುಳ್ಳುಗಳನ್ನು ಉಗುರಿನಿಂದ ಒಂದೊಂದಾಗಿ ಕೆರೆದು ತೆಗೆದರು.

“ಮೊದಲ ಸಲ ಅವಸರದಲ್ಲಿ ಇಟ್ಟದ್ದು ಯಾಕೆ?”

“ಆಸೆಗೆ, ತಾಯಿ.”

“ಈ ಸಲ ಇಡದೆ ಉಳಿದದ್ದು?”

“ಹೆದರಿಕೆಗೆ.”

“ಎರಡು ಸಲವೂ ಯಾರನ್ನು ನೋಡುತ್ತಿದ್ದೆ?”

ಮೌನೇಶ ಊದಿದ ಕಣ್ಣಿನಲ್ಲೇ ಪೆಟ್ಟಿಗೆಯ ಕಡೆ ನೋಡಿದ. ಉತ್ತರ ಬಾಯಿಗೆ ಬಂತು. ಹೇಳಲು ನಾಚಿಕೆಯಾಯಿತು.

ಹೊಂಗೆ ಇನ್ನೂ ಹೂವಿನಲ್ಲೇ ಇತ್ತು. ಹೊಸ ಪೆಟ್ಟಿಗೆಯ ಜೇನು ಹುರುಪಿನಿಂದ ಎರಿ ಕಟ್ಟಿದವು. ಮೂರನೆಯ ವಾರಕ್ಕೆ ಏಳು ಎರಿ ತುಂಬಿತು. ಮೌನೇಶ ತಾಯಿಯ ಬಳಿ ಬಂದ.

“ಇವತ್ತು ಇಡಲೇ?”

“ನನಗೆ ಕಿವಿ ಮಂದ” ಎಂದರು ತಾಯಿ. “ಕೇಳಿಸಿಕೊಳ್ಳುವವರನ್ನು ಕೇಳು.”

ಅವನು ಹಿಂತಿರುಗಿ ಬಂದು ಮುಚ್ಚಳ ತೆಗೆದ. ಜೇನು ಮುಚ್ಚಳದ ಒಳಮೈಗೇ ಎರಿ ಕಟ್ಟಲು ತೊಡಗಿದ್ದವು. ಮೇಲೇರಲು ಜಾಗವಿಲ್ಲದೆ ಮರಕ್ಕೇ ಮೇಣ ಮೆತ್ತಿದ್ದವು.

ಆ ಎಳೆಯ ಎರಿಯನ್ನು ಒಡೆಯದಂತೆ ಬಿಡಿಸಿ, ಮೇಲಂತಸ್ತಿನ ನಡುವಿನ ಚೌಕಟ್ಟಿಗೆ ಬಾಳೆನಾರಿನಿಂದ ಕಟ್ಟಿದ. ಹತ್ತಿ ಬರುವವುಗಳಿಗೆ ತಮ್ಮದೇ ವಾಸನೆ ಸಿಗಲಿ ಎಂದು. ಜೇನು ಕೆರಳದಿರಲೆಂದು ಹಾಕುವ ಹೊಗೆಯನ್ನು ಕಡಿಮೆ ಹಾಕಿದ. ಒಂದು ಜೇನೂ ನಡುವೆ ಸಿಕ್ಕಿ ಸಾಯದಂತೆ ಮೇಲಂತಸ್ತನ್ನು ಓರೆಯಾಗಿ ಇಟ್ಟು ಮೆಲ್ಲಗೆ ಸರಿಸಿ ಕೂರಿಸಿದ.

ಸಂಜೆಗೆಲ್ಲ ಜೇನು ಮೇಲೇರಿದ್ದವು.

ಮೇಲಂತಸ್ತು ಮುಕ್ಕಾಲು ತುಂಬಿದ ದಿನ ಅವನು ಯಾರನ್ನೂ ಕೇಳದೆ, ಆಗಲೇ ಮಾಡಿಟ್ಟುಕೊಂಡಿದ್ದ ಎರಡನೆಯದನ್ನು ಇಟ್ಟ. ಎರಿಗಳ ಬಾಯಿಗೆ ಮೇಣದ ಮುಚ್ಚಳ ಬೀಳುವವರೆಗೆ ಕಾದು ತುಪ್ಪ ತೆಗೆದ. ಕೆಳಕೋಣೆಯ ತುಪ್ಪವನ್ನು ಮುಟ್ಟಲಿಲ್ಲ. ಅದು ಮಳೆಗಾಲಕ್ಕೆ ಅವುಗಳ ಊಟ.

ಆ ಬೇಸಿಗೆಯಲ್ಲಿ ಆಶ್ರಮಕ್ಕೆ ಕೆಮ್ಮುತ್ತ ಬಂದವರು ತುಪ್ಪ ನೆಕ್ಕಿಕೊಂಡು ಹೋದರು.

ಒಂದು ದಿನ ಆಚೆದಡದ ಹುಲಿಗೆವ್ವ ದೋಣಿ ದಾಟಿ ಬಂದಳು. ಹೂವಿನ ತೋಟದಲ್ಲಿ ಕೂಲಿ ಮಾಡುವವಳು. ಮೌನೇಶ ತುಪ್ಪದ ಬಟ್ಟಲಿಗೆ ಕೈ ಹಾಕಿದ.

“ತುಪ್ಪ ಬೇಡ ಅಣ್ಣಾ” ಎಂದಳು ಅವಳು. “ಜೇನು ಸಾಕೋದು ಕಲಿಸಿಕೊಡು. ಕಲಿಯೋ ತನಕ ದಿನಾ ಬರ್ತೀನಿ.”

ಮೌನೇಶನಿಗೆ ಸಂತೋಷವಾಯಿತು. ತಾನು ಪಟ್ಟ ಪಾಡು ಅವಳು ಪಡಬಾರದು ಎನ್ನಿಸಿತು. ಒಂದು ಅಗಲವಾದ ಹಲಗೆಯನ್ನು ನುಣುಪು ಮಾಡಿ, ಮೂರು ದಿನ ಕೂತು ಉಳಿಯಿಂದ ಅಕ್ಷರ ಕೆತ್ತಿದ.

ನಾಲ್ಕು ಎರಿ ಇದ್ದಾಗ ಇಡಬೇಡ. ಏಳು ತುಂಬಿದಾಗ ತಡಮಾಡಬೇಡ. ಮುಕ್ಕಾಲು ತುಂಬಿದರೆ ಇನ್ನೊಂದು ಇಡು.

ಹಲಗೆಯನ್ನು ತಾಯಿಯ ಮುಂದೆ ನಿಲ್ಲಿಸಿದ. “ಇದನ್ನು ಜೇನಿನ ಪಕ್ಕ ನೆಡುತ್ತೇನೆ. ಯಾರು ಬಂದರೂ ಓದಿಕೊಳ್ಳಲಿ.”

ತಾಯಿ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಓದಿದರು.

“ತಪ್ಪಿದೆಯಾ ತಾಯಿ?”

“ಒಂದಕ್ಷರವೂ ತಪ್ಪಿಲ್ಲ. ಇದಕ್ಕೆ ನಾಲ್ಕು ಕಾಲು ಜೋಡಿಸು.”

ಅವನು ಜೋಡಿಸಲು ಕೂತ. ತಾಯಿ ಹಲಗೆಯನ್ನು ತಿರುವಿದರು. ಕೆತ್ತಿದ ಮೈ ನೆಲದ ಕಡೆಗಾಯಿತು.

ಕಾಲು ಕೂಡಿಸಿದ ಮೇಲೆ ಅವರೇ ಅದನ್ನು ಎತ್ತಿಕೊಂಡು ಹೋಗಿ ಜೇನುಪೆಟ್ಟಿಗೆಯಿಂದ ನಾಲ್ಕು ಮಾರು ದೂರದಲ್ಲಿ, ನೆರಳಿನಲ್ಲಿ ಇಟ್ಟರು. ಅಲುಗಾಡುತ್ತದೆಯೇ ಎಂದು ಅಂಗೈ ಊರಿ ನೋಡಿದರು.

“ನಾಳೆ ಹುಲಿಗೆವ್ವ ಬಂದರೆ ಇದರ ಮೇಲೆ ಕೂರಿಸು.”